ನಾನು ನೋಡದ ಮನೆಗೆ ನಾನೇ ಸಾಕ್ಷಿ

ಮೂರು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲು ಮುಗಿದು, ತೋಟಗಳಲ್ಲಿ ಮೆಣಸು ಇಳಿಸುವ ಕೆಲಸ ನಡೆದಿತ್ತು. ನಾನು ಟೈಲರ್. ಕುಶಾಲನಗರದಿಂದ ಸ್ವಲ್ಪ ದೂರದ ಒಂದು ಸಣ್ಣ ಊರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಊರಿನ ಹೆಸರು ಬರೆಯುವುದಿಲ್ಲ. ಕೇಸು ಇನ್ನೂ ಮುಗಿದಿಲ್ಲ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ.

ಒಂದು ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಶಿವಣ್ಣನವರು ಅಂಗಡಿಗೆ ಬಂದರು. ಅವರು ನಮಗೆ ಹೊಸಬರಲ್ಲ. ಅವರ ಯೂನಿಫಾರ್ಮ್ ಪ್ಯಾಂಟನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ನಾನೇ. ಅವರ ಮಗಳ ನಿಶ್ಚಿತಾರ್ಥದ ರವಿಕೆ ಹೊಲಿದದ್ದೂ ನಾನೇ. ಹಾಗಾಗಿ ಬಟ್ಟೆ ಕೊಡಲು ಬಂದಿರಬೇಕು ಅಂದುಕೊಂಡೆ. ಅವರು ಒಂದು ಕಾಗದ ಕೈಗಿಟ್ಟರು. ಕೋರ್ಟಿನ ಸಮನ್ಸ್. ನಾನು ಒಂದು ಕಳ್ಳತನದ ಕೇಸಿನಲ್ಲಿ ಸಾಕ್ಷಿ ಎಂದು ಅದರಲ್ಲಿತ್ತು.

"ನಾನ್ಯಾವ ಕಳ್ಳತನ ನೋಡಿದೀನಿ ಶಿವಣ್ಣೋರೆ? ಬೇರೆ ಯಾರೋ ಪದ್ಮ ಇರ್ಬೇಕು," ಅಂದೆ.

"ನಿಮ್ದೇ ಅಕ್ಕಾ. ಸುಮ್ನೆ ಒಂದು ಫಾರ್ಮಾಲಿಟಿ. ಕೋರ್ಟಿಗೆ ಹೋಗೋ ಮುಂಚೆ ಸ್ಟೇಷನ್‌ಗೊಂದ್ಸಲ ಬಂದು ಹೋಗಿ, ಸಾಹೇಬ್ರು ಎಲ್ಲ ಹೇಳ್ಕೊಡ್ತಾರೆ," ಅಂದರು. ಮಾತಾಡುವಾಗ ಅವರು ನನ್ನ ಮುಖ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಬಟ್ಟೆಗಳನ್ನೇ ನೋಡುತ್ತಿದ್ದರು. ಅದು ನನಗೆ ಆಮೇಲೆ ನೆನಪಾಯಿತು.

ಮಾರನೆಯ ದಿನ ಸಂಜೆ ನಾಲ್ಕು ಗಂಟೆಗೆ ಠಾಣೆಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು. ಎದ್ದು ನಿಂತು ಕುರ್ಚಿ ತೋರಿಸಿದರು, ಟೀ ತರಿಸಿದರು. ಇಷ್ಟು ಮರ್ಯಾದೆ ನನಗೆ ಬ್ಯಾಂಕಿನಲ್ಲೂ ಸಿಕ್ಕಿದ್ದಿಲ್ಲ. ನನ್ನ ಮುಂದೆ ಫೈಲ್ ಇಟ್ಟು, "ಓದ್ಕೊಳ್ಳಿ ಅಮ್ಮಾ, ಇದರಲ್ಲಿರೋದನ್ನೇ ಕೋರ್ಟಲ್ಲಿ ಹೇಳೋದು," ಅಂದರು.

ಪೊಲೀಸರು ಏನಾದರೂ ವಶಪಡಿಸಿಕೊಳ್ಳುವಾಗ ಸಾಕ್ಷಿಗಳ ಎದುರು ಬರೆಯುವ ಕಾಗದಕ್ಕೆ ಮಹಜರು ಅನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಆವತ್ತೇ. ಅದನ್ನು ಓದಿದೆ. ಹಿಂದಿನ ವರ್ಷದ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆ ಕಟ್ಟಿಸಿದ ಸಾಲುಮನೆಯಲ್ಲಿ, ಕುಮಾರ ಎಂಬ ಕೂಲಿಯಾಳಿನ ಮಂಚದ ಕೆಳಗಿನಿಂದ ಎರಡು ಚೀಲ ಕರಿಮೆಣಸನ್ನು ಪೊಲೀಸರು ತೆಗೆದರಂತೆ. ಅದು ಎಸ್ಟೇಟಿನ ಗೋಡೌನಿನಿಂದ ಕದ್ದ ಮಾಲಂತೆ. ನಾನು ಅಲ್ಲೇ ನಿಂತು ನೋಡಿದೆನಂತೆ. ಕುಮಾರ ನನ್ನ ಎದುರೇ ತಪ್ಪೊಪ್ಪಿಕೊಂಡನಂತೆ. ಕೊನೆಯಲ್ಲಿ ನನ್ನ ಹೆಸರು, ಗಂಡನ ಹೆಸರು, ವಯಸ್ಸು, ಆಧಾರ್ ನಂಬರು, ಎಲ್ಲ ಸರಿಯಾಗಿತ್ತು. ಅದರ ಕೆಳಗೆ ಸಹಿ.

ಸಹಿ ನನ್ನದೇ.

ಆ ಎಸ್ಟೇಟಿನ ಗೇಟಿನೊಳಗೆ ನಾನು ಕಾಲಿಟ್ಟವಳೇ ಅಲ್ಲ. ಕುಮಾರ ಯಾರು, ಕಪ್ಪಗಿದ್ದಾನೋ ಬೆಳ್ಳಗಿದ್ದಾನೋ ಗೊತ್ತಿಲ್ಲ. ಆದರೆ ಸಹಿ ಮಾತ್ರ ನನ್ನದು. ಯಾರೋ ನಕಲು ಮಾಡಿದ್ದಾರೆ ಅನ್ನೋಣವೆಂದರೆ, ಅದರ ಸೊಟ್ಟ ಅಕ್ಷರಗಳೇ ನನ್ನ ಬಾಯಿ ಕಟ್ಟಿಹಾಕಿದವು. ಹಿಂದಿನ ವರ್ಷ ಮಿಷನ್ನಿನ ಸೂಜಿ ನನ್ನ ಬಲಗೈ ತೋರುಬೆರಳಿನೊಳಗೆ ಹೊಕ್ಕು ಮುರಿದಿತ್ತು. ಡಾಕ್ಟರು ತೆಗೆದು ಬ್ಯಾಂಡೇಜು ಕಟ್ಟಿದ್ದರು. ಒಂದು ವಾರ ಪೆನ್ನನ್ನು ಹೆಬ್ಬೆರಳು ಮತ್ತು ನಡುಬೆರಳಿನ ಮಧ್ಯೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೆ. ಆ ವಾರದ ನನ್ನ ಸಹಿ ಹೀಗೇ ಏಣಿಯಿಂದ ಜಾರಿದ ಹಾಗೆ ಇರುತ್ತಿತ್ತು.

ಆಗ ಎಲ್ಲ ನೆನಪಿಗೆ ಬಂತು. ಅದೇ ವಾರ ಬಸ್ಸಿನಲ್ಲಿ ನನ್ನ ಮೊಬೈಲ್ ಕಳೆದುಹೋಗಿತ್ತು. ಅದೇ ನಂಬರಿನ ಸಿಮ್ ಬೇಕಾದರೆ ಪೊಲೀಸರಿಂದ ಸ್ವೀಕೃತಿ ತನ್ನಿ ಎಂದು ಮೊಬೈಲ್ ಅಂಗಡಿಯವರು ಹೇಳಿದ್ದರು. ಠಾಣೆಗೆ ಹೋಗಿ ಶಿವಣ್ಣನವರ ಹತ್ತಿರ ಅರ್ಜಿ ಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ. ಅವರು ಅರ್ಜಿಗೆ ಸೀಲು ಹೊಡೆದು, ಅದರ ಜೊತೆಗೆ ಒಂದು ಖಾಲಿ ಹಾಳೆಯನ್ನು ಮುಂದೆ ಜರುಗಿಸಿ, "ಕೆಳಗಡೆ ಒಂದು ಸಹಿ ಹಾಕ್ಬಿಡಿ ಅಕ್ಕಾ, ಆಮೇಲೆ ಮತ್ತೆ ನಿಮ್ಮನ್ನ ಓಡಾಡ್ಸೋದು ಬೇಡ," ಅಂದಿದ್ದರು. "ಎಷ್ಟು ಒಳ್ಳೆಯವರು!" ಅಂದುಕೊಂಡು, ನಗುತ್ತಾ ಸಹಿ ಹಾಕಿ ಬಂದಿದ್ದೆ.

"ಸಾರ್, ನಾನು ಅಲ್ಲಿಗೆ ಹೋಗೇ ಇಲ್ಲ," ಅಂದೆ.

ಅವರು ಸಿಟ್ಟಾಗಲಿಲ್ಲ. "ಸಹಿ ನಿಮ್ದಲ್ವಾ?" ಎಂದು ಕೇಳಿದರು.

"ನಂದೇ ಸಾರ್. ಆದ್ರೆ ಖಾಲಿ ಹಾಳೆ ಮೇಲೆ..."

"ನೋಡಿ ಅಮ್ಮಾ. ಇನ್ನೊಬ್ಬ ಸಾಕ್ಷಿ ಇದ್ದ, ತೀರಿಕೊಂಡ. ಈಗ ನೀವೊಬ್ರೇ. ನೀವು ಖಾಲಿ ಹಾಳೆ ಅಂದ್ರೆ ಸುಳ್ಳು ಸಾಕ್ಷಿ ಕೇಸ್ ನಿಮ್ ಮೇಲೇ ಬರ್ತದೆ." ಟೀ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದರು. "ನಿಮ್ ಯಜಮಾನ್ರು ಸಿದ್ದಾಪುರದ ಬಸ್ಸಲ್ಲಿ ಕಂಡಕ್ಟರ್ ಅಲ್ವಾ? ದಿನಾ ನಮ್ ಸ್ಟೇಷನ್ ಮುಂದೇನೇ ಹೋಗ್ತಾರೆ. ಒಳ್ಳೆ ಮನುಷ್ಯ."

ಅಷ್ಟೇ ಹೇಳಿದ್ದು. ಹೆದರಿಸುವ ದನಿಯೂ ಅಲ್ಲ. ಆ ಟೀಯನ್ನು ನಾನು ಕುಡಿದೆನೋ ಬಿಟ್ಟೆನೋ ಈಗಲೂ ನೆನಪಿಲ್ಲ.

ಮನೆಗೆ ಬಂದು ನಮ್ಮ ಯಜಮಾನರಿಗೆ ಹೇಳಿದೆ. ಅವರು ಸ್ವಭಾವತಃ ಯಾರ ಗೊಡವೆಗೂ ಹೋಗುವವರಲ್ಲ. ಎಲ್ಲ ಕೇಳಿಸಿಕೊಂಡು, "ಸಹಿ ನಿಂದೇ ತಾನೆ? ಹೌದು ಅಂತ ಒಂದು ಮಾತು ಹೇಳಿ ಬಂದ್ಬಿಡು. ಆ ಕುಮಾರ ನಮ್ಗೇನು ನೆಂಟನಾ?" ಅಂದರು.

"ನೆಂಟ ಅಲ್ಲ ರೀ. ಆದ್ರೆ ಅವನು ಕದ್ದನೋ ಇಲ್ವೋ ನಂಗೆ ಗೊತ್ತಿಲ್ವಲ್ಲ."

"ಗೊತ್ತಿಲ್ಲ ಅಂದ್ಮೇಲೆ ಕದ್ದೂ ಇರ್ಬಹುದು."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಎರಡು ದಿನ ಅದೇ ಸರಿ ಅಂದುಕೊಂಡೇ ಇದ್ದೆ. ಆದರೂ ಅಂಗಡಿಯಲ್ಲಿ ಒಬ್ಬರ ಚೂಡಿದಾರದ ಬಟ್ಟೆಯನ್ನೇ ತಪ್ಪಾಗಿ ಕತ್ತರಿಸಿಬಿಟ್ಟೆ. ಮೊಬೈಲ್ ಕಳೆದ ಅರ್ಜಿಯ ಸೀಲು ಹೊಡೆದ ಪ್ರತಿ ಎಲ್ಲಾದರೂ ಇರಬಹುದೇ ಎಂದು ಬೀರುವಿನಲ್ಲಿ ಹುಡುಕಿದೆ. ರೇಷನ್ ಕಾರ್ಡಿನ ಕವರಿನೊಳಗೆ ಸಿಕ್ಕಿತು. ಠಾಣೆಯ ಸೀಲು, ತಾರೀಕು, ಅದರ ಕೆಳಗೆ ಜಾರಿದ ಸಹಿ. ಮಹಜರಿನ ಸೋಮವಾರಕ್ಕೆ ಹದಿಮೂರು ದಿನ ಮುಂಚಿನದು. ಅದನ್ನು ಕೋರ್ಟಿಗೆ ಒಯ್ಯುವ ಧೈರ್ಯ ಇರಲಿಲ್ಲ. ಆದರೂ ಮಡಿಸಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ.

ಕೋರ್ಟಿನ ದಿನ ಯಜಮಾನರು ರಜೆ ಹಾಕಿ ಜೊತೆಗೆ ಬಂದರು. ಶಿವಣ್ಣನವರು ಮೊದಲೇ ಬಂದು ಕಾಯುತ್ತಿದ್ದರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ಹೌದು, ನೋಡಿದೆ, ಸಹಿ ನಂದು. ಈ ಮೂರು ಮಾತು ಸಾಕು ಅಕ್ಕಾ," ಎಂದು ಹೇಳಿ ಯಾರನ್ನೋ ಕಾಣಲು ಹೋದರು. ಯಜಮಾನರು ನೀರು ತರಲು ಕ್ಯಾಂಟೀನಿಗೆ ಇಳಿದರು.

ಎದುರಿನ ಬೆಂಚಿನಲ್ಲಿ ಕೂತಿದ್ದ ಒಬ್ಬಳು ಎದ್ದು ಬಂದಳು. ಮೂವತ್ತರ ಒಳಗಿನವಳು. ಎಣ್ಣೆ ಹಾಕಿ ಬಿಗಿಯಾಗಿ ಕಟ್ಟಿದ ಕೂದಲು, ಬಣ್ಣ ಹೋದ ಹಸಿರು ಸೀರೆ. ನನ್ನ ಮುಂದೆ ನಿಂತು ಕೇಳಿದಳು: "ಪದ್ಮ ಅಂದ್ರೆ ನೀವೇನಾ?"

"ಹೌದು. ನೀನ್ಯಾರಮ್ಮ?"

"ನಾನು ಸೆಲ್ವಿ. ಕುಮಾರನ ಹೆಂಡ್ತಿ."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಲಾಯರ್ ಹತ್ತಿರ ವಿವರ ಕೇಳುವವರ ಹಾಗೆ ಕೇಳಿದಳು. "ಅಕ್ಕಾ, ನೀವು ನಮ್ ಮನೆಗೆ ಬಂದಿದ್ರಿ ಅಂತ ಕಾಗ್ದದಲ್ಲಿ ಬರ್ದಿದೆ. ನಮ್ ಮನೆ ಲೈನಲ್ಲಿ ಯಾವ್ ಕಡೆ ಇತ್ತು? ಬಾಗ್ಲು ಯಾವ್ ಬಣ್ಣ?"

ನಾನು ಶಿವಣ್ಣನವರು ಹೋದ ದಿಕ್ಕಿಗೆ ನೋಡಿದೆ.

"ಮಂಚದ ಕೆಳಗಿಂದ ಮೆಣಸು ತೆಗೆದ್ರು ಅಂತ ಬರ್ದಿದೆಯಲ್ಲ. ನಮ್ ಮನೇಲಿ ಮಂಚಾನೇ ಇರ್ಲಿಲ್ಲ ಅಕ್ಕಾ. ನಾವು ನಾಲ್ಕೂ ಜನ ನೆಲದ ಮೇಲೇ ಮಲ್ಗೋದು."

ಅಲ್ಲಿಯವರೆಗೆ ಕುಮಾರ ಕದ್ದೂ ಇರಬಹುದು ಎಂಬ ಒಂದು ಮಾತನ್ನು ಹಿಡಿದುಕೊಂಡು ನಿಂತಿದ್ದೆ. ಅದೂ ಕೈಬಿಟ್ಟು ಹೋಯಿತು.

ಅವಳೇ ಮುಂದುವರಿಸಿದಳು. ಕುಮಾರನನ್ನು ಹಿಡಿಯುವುದಕ್ಕೆ ಎರಡು ವಾರ ಮುಂಚೆ, ತೋಟದಲ್ಲಿ ಕೊಯ್ಲಿನ ಕೆಲಸ ಮುಗಿಸಿ ರಸ್ತೆ ಬದಿಯಲ್ಲಿ ಬರುತ್ತಿದ್ದ ಕುಮಾರನ ತಂಗಿಗೆ ಒಂದು ಜೀಪು ಗುದ್ದಿ ಕಾಲು ಮುರಿದಿತ್ತು. ಜೀಪು ಒಬ್ಬ ಕಾಂಟ್ರಾಕ್ಟರನದು. ಅವನು ಸಬ್ ಇನ್ಸ್‌ಪೆಕ್ಟರರ ಸ್ನೇಹಿತ. ಠಾಣೆಯಲ್ಲಿ ದೂರು ಬರೆದುಕೊಳ್ಳಲಿಲ್ಲ. ಕುಮಾರ ಮೂರು ಸಲ ಹೋಗಿ ಕೇಳಿದ. ನಾಲ್ಕನೆಯ ಸಲ, "ನೀವು ತಗೊಳ್ಳದಿದ್ರೆ ಮಡಿಕೇರಿಗೆ ಹೋಗಿ ಎಸ್ಪಿ ಸಾಹೇಬ್ರಿಗೆ ಕೊಡ್ತೀನಿ" ಅಂದ. ಆ ವಾರವೇ ಅವನನ್ನು ಕೆಲಸದ ಜಾಗದಿಂದ ಜೀಪಿನಲ್ಲಿ ಹತ್ತಿಸಿಕೊಂಡು ಹೋದರು.

"ಜಾಮೀನು ಸಿಗೋವರ್ಗೂ ನಾಲ್ಕು ತಿಂಗ್ಳು ಜೈಲಲ್ಲಿದ್ರು ಅಕ್ಕಾ. ಎಸ್ಟೇಟಲ್ಲಿ ಕೆಲ್ಸ ಹೋಯ್ತು, ಮನೆ ಬಿಡಿಸಿದ್ರು. ನಾನು ದಿನಾ ವಿಳಕ್ಕು ಹಚ್ಚಿ ನಿಮ್ ಹೆಸ್ರು ಹೇಳಿ ಶಾಪ ಹಾಕ್ತಿದ್ದೆ. ಪೊಲೀಸ್‌ನೋರಿಗೆ ಹಾಕಿಲ್ಲ. ನಿಮ್ಗೇ ಹಾಕಿದ್ದು. ಅವ್ರು ಅವ್ರ ಕೆಲ್ಸ ಮಾಡ್ತಾರೆ. ನಮ್ ಮೊಕಾನೇ ನೋಡ್ದೆ ಇರೋ ಹೆಂಗಸು ಯಾಕೆ ಹೀಗ್ ಮಾಡಿದ್ಳು ಅಂತ."

ಒಂದು ವರ್ಷದಿಂದ ನನಗೆ ಗೊತ್ತೇ ಇಲ್ಲದ ಒಂದು ಮನೆಯಲ್ಲಿ ದಿನಾ ದೀಪ ಹಚ್ಚಿ ನನ್ನ ಹೆಸರು ಹೇಳುತ್ತಿದ್ದರು! ನಾನಾದರೋ ಅಂಗಡಿಯಲ್ಲಿ ಕೂತು ಯೂನಿಫಾರ್ಮ್ ಹೊಲಿಯುತ್ತಾ, ರೇಡಿಯೋ ಕೇಳುತ್ತಾ ಇದ್ದೆ. ಅಷ್ಟು ಹೊತ್ತಿಗೆ ಒಳಗಿನಿಂದ ನನ್ನ ಹೆಸರು ಕೂಗಿದರು.

ಕಟಕಟೆ ಹತ್ತಿದಾಗ ಎದುರಿಗೆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದವನನ್ನು ನೋಡಿದೆ. ಅವನೇ ಕುಮಾರ ಇರಬೇಕು. ಅವನು ನೆಲ ನೋಡುತ್ತಿದ್ದ. ನ್ಯಾಯಾಧೀಶರು ಹೆಂಗಸು, ಕನ್ನಡಕದವರು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಮಹಜರು ತೋರಿಸಿ, "ಈ ಸಹಿ ನಿಮ್ಮದಾ?" ಎಂದು ಕೇಳಿದರು.

"ನನ್ನದೇ."

"ಆರೋಪಿಯ ಮನೆಯಲ್ಲಿ ನಿಮ್ಮ ಎದುರು ಮಾಲು ವಶಪಡಿಸಿಕೊಂಡರಾ?"

ನಾನು ಹಿಂದಕ್ಕೆ ತಿರುಗಿದೆ. ಬಾಗಿಲ ಹತ್ತಿರ ಶಿವಣ್ಣನವರು ನಿಂತಿದ್ದರು. ಅವರ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಮ್ಮ ಯಜಮಾನರು. ಯಜಮಾನರ ಮುಖದಲ್ಲಿ ಹೆದರಿಕೆ ಎದ್ದು ಕಾಣುತ್ತಿತ್ತು.

"ಇಲ್ಲ. ನಾನು ಆ ಮನೆ ನೋಡಿಯೇ ಇಲ್ಲ. ಇವರನ್ನೂ ಇವತ್ತೇ ನೋಡ್ತಿರೋದು," ಅಂದೆ.

ಸರ್ಕಾರಿ ವಕೀಲರು ನನ್ನನ್ನು ಪ್ರತಿಕೂಲ ಸಾಕ್ಷಿ, ಅಂದರೆ ತಿರುಗಿಬಿದ್ದ ಸಾಕ್ಷಿ ಅಂದರು. ಆರೋಪಿಯ ಕಡೆಯವರು ನಿಮ್ಮನ್ನು ಒಲಿಸಿಕೊಂಡಿದ್ದಾರೆ, ಅದಕ್ಕೆ ಸುಳ್ಳು ಹೇಳುತ್ತಿದ್ದೀರಿ ಅಂದರು. ಒಂದರ ಮೇಲೊಂದು ಪ್ರಶ್ನೆ. ಕಟಕಟೆಯ ಕಂಬಿ ಹಿಡಿದುಕೊಂಡು, ಸಹಿ ಹಾಕಿದ್ದು ಖಾಲಿ ಹಾಳೆಗೆ ಎಂದೇ ಹೇಳಿದೆ. ಕೊನೆಗೆ ನ್ಯಾಯಾಧೀಶರೇ ಕೈ ಎತ್ತಿ ನಿಲ್ಲಿಸಿ, "ಖಾಲಿ ಹಾಳೆಗೆ ಸಹಿ ಹಾಕಿದೆ ಅಂತೀರಿ. ಅದಕ್ಕೆ ಏನಾದರೂ ಆಧಾರ ಇದೆಯೇನಮ್ಮಾ?" ಎಂದು ಕೇಳಿದರು.

ಬ್ಯಾಗಿನಿಂದ ಅರ್ಜಿಯ ಪ್ರತಿ ತೆಗೆದು ಕೊಟ್ಟೆ. ಬೆರಳಿನ ಕಥೆ ಹೇಳಿದೆ, ಮಹಜರಿನ ಸೋಮವಾರದ ಹೊತ್ತಿಗೆ ಅದು ವಾಸಿಯಾಗಿತ್ತು ಅಂದೆ. ಅವರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೊಂದು ಹಾಳೆ ಕೊಟ್ಟು ಸಹಿ ಹಾಕಲು ಹೇಳಿದರು. ಹಾಕಿದೆ. ನೆಟ್ಟಗೆ ಬಂತು. ಮಹಜರಿನ ದಿನ ಎಲ್ಲಿದ್ದಿರಿ ಎಂದು ಕೇಳಿದರು. ಪ್ರತಿ ಸೋಮವಾರ ಹನ್ನೊಂದಕ್ಕೆ ನಮ್ಮ ಮಹಿಳಾ ಸಂಘದ ಸಭೆ ಇರುತ್ತದೆ, ಹಾಜರಿ ಪುಸ್ತಕದಲ್ಲಿ ಸಹಿ ಇರಬೇಕು ಅಂದೆ. ಆ ಪುಸ್ತಕವನ್ನೂ, ಠಾಣೆಯಲ್ಲಿರುವ ಮೂಲ ಅರ್ಜಿಯನ್ನೂ ತರಿಸಲು ಆದೇಶ ಬರೆಸಿದರು. ತಿರುಗಿ ನೋಡಿದಾಗ ಬಾಗಿಲಲ್ಲಿ ಶಿವಣ್ಣನವರು ಇರಲಿಲ್ಲ.

ಹೊರಗೆ ಬಂದಾಗ ಯಜಮಾನರು ಬಾಟಲಿ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಆಯ್ತಲ್ಲ, ಇನ್ನು ಬಂದದ್ದು ನೋಡ್ಕೊಳ್ಳೋಣ," ಅಂದರು, ಅಷ್ಟೇ.

ಬಂದದ್ದು ಬಂತು. ಒಂದು ತಿಂಗಳು ಅವರ ಬಸ್ಸನ್ನು ದಿನಾ ತಡೆದು ಕಾಗದ ಪತ್ರ ನೋಡಿದರು. ಬಸ್ ಮಾಲೀಕರು ಅವರನ್ನು ಬೇರೆ ರೂಟಿಗೆ ಹಾಕಿದರು. ಶಿವಣ್ಣನವರು ಒಂದು ಭಾನುವಾರ ಮನೆಗೇ ಬಂದು, ನಡುಮನೆಯಲ್ಲಿ ಕೂತು ಕಣ್ಣೀರು ಹಾಕಿದರು. "ಸಾಹೇಬ್ರು ಹೇಳಿದ್ರೆ ನಾನೇನ್ ಮಾಡ್ಲಿ ಅಕ್ಕಾ? ಇನ್ನು ಮೂರು ವರ್ಷ ಸರ್ವಿಸ್ ಇದೆ. ಇದೆಲ್ಲ ನಂಗೆ ಗೊತ್ತಿರ್ಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಒಂದು ಮಾತು ಹೇಳಿ," ಅಂದರು. ಅವರ ಮಗಳ ಮುಖ ನೆನಪಾಗಿ ಸಂಕಟವಾಯಿತು. ಆದರೆ ಅವರು ಅಷ್ಟು ಹೊತ್ತು ಕೂತಿದ್ದರೂ, ಕುಮಾರನ ಹೆಸರು ಒಂದು ಸಲವೂ ಅವರ ಬಾಯಲ್ಲಿ ಬರಲಿಲ್ಲ. ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ ಅಂದೆ.

ಸಂಘದ ಪುಸ್ತಕದಲ್ಲಿ ಆ ಸೋಮವಾರದ ನನ್ನ ಸಹಿ ನೆಟ್ಟಗೇ ಇತ್ತು. ಆರು ತಿಂಗಳಲ್ಲಿ ಕೋರ್ಟು ಕುಮಾರನನ್ನು ನಿರಪರಾಧಿ ಎಂದು ಬಿಟ್ಟಿತು. ಪೊಲೀಸರು ಸುಳ್ಳು ಮಹಜರು ಬರೆದಿದ್ದಾರೆ, ಇದರ ತನಿಖೆಯಾಗಬೇಕು ಎಂದು ನ್ಯಾಯಾಧೀಶರು ತೀರ್ಪಿನಲ್ಲೇ ಬರೆದು ಜಿಲ್ಲೆಯ ದೊಡ್ಡ ಅಧಿಕಾರಿಗಳಿಗೆ ಕಳಿಸಿದರು. ಬೇರೆ ಕಡೆಯ ಒಬ್ಬ ಡಿವೈಎಸ್‌ಪಿ ಮೇಡಂ ತನಿಖೆಗೆ ಬಂದರು. ನನ್ನನ್ನೂ ಯಜಮಾನರನ್ನೂ ಕರೆಸಿದರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡರು. ಅಲ್ಲಿಗೆ ಮುಗಿಯಿತು ಅಂದುಕೊಂಡಾಗ, ಮೇಜಿನ ಖಾನೆಯಿಂದ ಒಂದು ಕಟ್ಟು ಹಾಳೆ ತೆಗೆದರು.

"ಇದು ಆ ಠಾಣೆಯ ಬೀರುವಿನಲ್ಲಿ ಸಿಕ್ಕಿದ್ದು. ಯಾರದ್ದಾದರೂ ಸಹಿ ಗುರುತು ಸಿಗುತ್ತದಾ ನೋಡಿ," ಅಂದರು.

ಎಲ್ಲ ಖಾಲಿ ಹಾಳೆಗಳು. ಪ್ರತಿಯೊಂದರ ಕೆಳಗೂ ಒಂದೊಂದು ಸಹಿ. ಪಿನ್ ಮಾಡಿದ ಆಧಾರ್ ಜೆರಾಕ್ಸ್. ಒಂದು, ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ ಮೇಷ್ಟ್ರದು. ಇನ್ನೊಂದು ಸಂತೆಯಲ್ಲಿ ಹಸಿಮೀನು ಮಾರುವ ಮೊಯ್ದು ಕಾಕನದು. ಒಂದು ಹೆಬ್ಬೆಟ್ಟಿನ ಗುರುತು, ಯಾರದೋ. ಪಾಸ್‌ಪೋರ್ಟಿಗೆಂದು ಹೋದವರು, ಹಸು ಕಳೆದುಕೊಂಡು ಹೋದವರು, ಬೇಲಿ ಜಗಳಕ್ಕೆ ಹೋದವರು. ನಮ್ಮ ಊರೇ ಆ ಕಟ್ಟಿನಲ್ಲಿತ್ತು. ಯಾವ ಹಾಳೆಯ ಮೇಲೆ ಯಾವತ್ತು ಯಾರ ಹಣೆಬರಹ ಬರೆಯುತ್ತಿದ್ದರೋ!

ಪಕ್ಕದಲ್ಲಿದ್ದ ಯಜಮಾನರು ಇದ್ದಕ್ಕಿದ್ದ ಹಾಗೆ ಒಂದು ಹಾಳೆಯನ್ನು ಹಿಡಿದುಕೊಂಡರು. ಅದರ ಕೆಳಗೆ ಅವರದೇ ಸಹಿ. ಎಂದೋ ಬಸ್ಸು ಒಂದು ಸ್ಕೂಟರಿಗೆ ತಾಗಿದಾಗ, ಕಂಡಕ್ಟರ್ ಅಲ್ಲವಾ ಎಂದು ಕರೆದು ಹಾಕಿಸಿಕೊಂಡಿದ್ದರಂತೆ. "ನಂಗೆ ಮರ್ತೇ ಹೋಗಿತ್ತು ಮೇಡಂ," ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇವತ್ತಿಗೂ ಯಾರು ಯಾವ ಕಾಗದ ಕೊಟ್ಟರೂ ಅವರು ಮೊದಲು ತಿರುಗಿಸಿ ಹಿಂಬದಿ ನೋಡುತ್ತಾರೆ.

ಸಬ್ ಇನ್ಸ್‌ಪೆಕ್ಟರರನ್ನು ಅಮಾನತು ಮಾಡಿದರು. ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದಕ್ಕೆ ಅವರ ಮೇಲೆ ಈಗ ಕೇಸು ನಡೆಯುತ್ತಿದೆ. ಶಿವಣ್ಣನವರಿಗೆ ಇಂಕ್ರಿಮೆಂಟ್ ತಡೆದು ದೂರದ ಠಾಣೆಗೆ ವರ್ಗ ಮಾಡಿದ್ದಾರೆ. ಕುಮಾರನ ತಂಗಿಯ ಜೀಪಿನ ದೂರೂ ಕೊನೆಗೆ ದಾಖಲಾಯಿತು. ಅವಳು ಈಗಲೂ ಕುಂಟುತ್ತಾಳೆ. ಸಬ್ ಇನ್ಸ್‌ಪೆಕ್ಟರರ ಕೇಸಿನಲ್ಲಿ ನಾನೂ ಸಾಕ್ಷಿ. ಸಮನ್ಸ್ ಬಂದಾಗಲೆಲ್ಲ ಹೋಗುತ್ತೇನೆ. ಈ ಸಲ ಹೇಳಬೇಕಾದದ್ದು ನಾನು ಕಂಡದ್ದನ್ನೇ.

ಆ ಹಾಳೆಗಳ ಕಟ್ಟು ನೋಡಿದ ದಿನ ಡಿವೈಎಸ್‌ಪಿ ಆಫೀಸಿನ ಜಗಲಿಯಲ್ಲಿ ಕುಮಾರನೂ ಸೆಲ್ವಿಯೂ ಕೂತಿದ್ದರು. ಅವರನ್ನೂ ಕರೆಸಿದ್ದರು. ಬೇರೆ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿದೆ ಅಂದಳು ಸೆಲ್ವಿ. ನಾನು ಕುಮಾರನ ಮುಂದೆ ಹೋಗಿ ನಿಂತೆ. "ನನ್ನಿಂದ ತಪ್ಪಾಯ್ತಪ್ಪಾ," ಅಂದೆ.

ಅವನು ಎದ್ದು ನಿಂತ. ನನ್ನ ಮುಖ ನೋಡಿ ಹೇಳಿದ: "ಜೈಲಲ್ಲಿ ದಿನಾ ಯೋಚ್ನೆ ಮಾಡ್ತಿದ್ದೆ ಅಕ್ಕಾ, ಆ ಸಾಕ್ಷಿ ಹೆಂಗಸಿನ ಮೊಕ ಹೆಂಗಿರ್ತದೆ ಅಂತ. ಕೋರ್ಟಲ್ಲಿ ನೋಡ್ದಾಗ ಗಾಬರಿ ಆಯ್ತು. ನಮ್ಮನೆ ಹೆಂಗಸ್ರ ಥರಾನೇ ಇದ್ರಿ."

ಅವನು ಅದನ್ನು ಸಮಾಧಾನಕ್ಕೆ ಹೇಳಿದನೋ, ನೋವಿನಿಂದ ಹೇಳಿದನೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.